ಎಡಗಡೆಯ ಮಡ್ಗಾರ್ಡು

ಇಪ್ಪತ್ತೊಂಬತ್ತು ವರ್ಷ ಇದ್ದದ್ದು ಉಣ್ಣೆ ಗಿರಣಿಯ ಗೋದಾಮಿನಲ್ಲಿ,
ಬಿಯೆಲ್ಲಾದ ಕೆಳಪೇಟೆಯಲ್ಲಿ,
ಒಂದು ಪಕ್ಕ ಮುರಿದ ಮಗ್ಗ, ಇನ್ನೊಂದು ಪಕ್ಕ ಬಣ್ಣದ ಪೀಪಾಯಿ.
ಟೈರಿನ ಗಾಳಿ ಯಾವಾಗಲೋ ಇಳಿದು
ಮಂಡಿಯೂರಿ ಕೂತ ಹಾಗೆ ಕೂತಿತ್ತು.
ಟಾರ್ಪಾಲು ಎತ್ತಿದೆವು.
ನಿವೇಸ್ ಶಿಳ್ಳೆ ಹಾಕಿದಳು.
ನಾನು ತುಟಿ ಬಿಚ್ಚಲಿಲ್ಲ. ರೇಟು ಹೇಳುವ ಮೊದಲು
ಬೆರಗು ತೋರಿಸಬಾರದೆಂದು ಕಲಿಸಿದವನು ನನ್ನ ಸೋದರಮಾವ.

ಟುರಿನ್ನಿನ ಸಣ್ಣ ಶೆಡ್ಡೊಂದು ಇಂಥವು ಹನ್ನೊಂದು ಮಾಡಿ
ಹನ್ನೆರಡನೆಯದಕ್ಕೆ ಸಾಲ ಹುಟ್ಟದೆ ಬಾಗಿಲು ಹಾಕಿಕೊಂಡಿತ್ತು.
ಇದು ಏಳನೆಯದು.
ಸಂಖ್ಯೆ ಕೊರೆದವನ ಕೈ ನಡುಗಿರಬೇಕು,
ಏಳರ ಕಾಲು ವಾರೆ.

ಸೀಟಿನೊಳಗೆ ಇಲಿಗಳು ತಲೆಮಾರುಗಟ್ಟಲೆ ಬಾಳಿದ್ದವು.
ಕುದುರೆ ಕೂದಲು, ಹರಿದ ರಸೀದಿ, ಉಣ್ಣೆಯ ಎಳೆ,
ಗೂಡೇನೋ ಅಚ್ಚುಕಟ್ಟು.
ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲು
ಜೋನಿಬೆಲ್ಲದ ಹಾಗೆ ಹೆಪ್ಪುಗಟ್ಟಿ, ಮೂಗಿಗೆ ಹಿಡಿದರೆ ವಾರ್ನಿಷು.
ಪಿಸ್ಟನ್ನು ಕಚ್ಚಿಕೊಂಡಿದ್ದವು.
ಡೀಸೆಲ್ಲು ಹೊಯ್ದು ಕಾದೆವು ಹನ್ನೆರಡು ದಿನ,
ದಿನಕ್ಕೊಮ್ಮೆ ಸ್ಪ್ಯಾನರಿಗೆ ಒಂದಿಷ್ಟೇ ಭಾರ.
ಹದಿಮೂರನೆಯ ದಿನ ಕ್ರ್ಯಾಂಕು
ಬೆರಳಗಲ ತಿರುಗಿತು.
ನಿವೇಸ್ ಕಾಫಿ ಚೆಲ್ಲಿಕೊಂಡಳು.

ಮೈಯೆಲ್ಲ ಅಲ್ಯುಮಿನಿಯಂ,
ಹೆಬ್ಬೆರಳು ಒತ್ತಿದರೆ ಉಸಿರು ಬಿಟ್ಟು ಏಳುವಷ್ಟು ತೆಳು.
ಬಣ್ಣ ಕೆರೆದೆವು. ಬಿಳಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ
ಆಲಿವ್ ಎಲೆಯ ಬೆನ್ನಿನ ಹಸಿರು.
ಎಡಗಡೆಯ ಮಡ್ಗಾರ್ಡಿನಲ್ಲಿ, ದೀಪದ ಹಿಂದೆ,
ಒಂದು ತಗ್ಗು, ಬೊಗಸೆಯಷ್ಟು.
ಕೆಂಪು ಅದರ ಮೇಲೆಯೇ ಹಾಸಿತ್ತು, ಬಿಳಿಯೂ.
ಎರಡು ಸಲ ಬಣ್ಣ ಬಳಿದವರು ಯಾರೂ ಅದನ್ನು ತುಂಬಿರಲಿಲ್ಲ.
ಅದನ್ನು ನಾನು ಗಮನಿಸಬೇಕಿತ್ತು.

ತಗ್ಗು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ.
ಹೊರಗೆ ಮರಳಿನ ಚೀಲ ಆನಿಸಿ, ಒಳಗಿಂದ ಮರದ ಸುತ್ತಿಗೆ,
ಎರಡು ಮಧ್ಯಾಹ್ನ,
ಅಂಚಿನಿಂದ ನಡುವಿಗೆ, ಮತ್ತೆ ಅಂಚಿನಿಂದ,
ಕಣ್ಣು ಮುಚ್ಚಿ ಅಂಗೈ ಸವರಿದರೆ
ಎಂದೂ ಇರಲೇ ಇಲ್ಲವೇನೋ ಅನ್ನುವ ತನಕ.
ನಲವತ್ತು ವರ್ಷದ ಕಸುಬಿನಲ್ಲಿ
ಅಂಥ ನುಣುಪು ನನಗೆ ಒಲಿದಿರಲಿಲ್ಲ.

ಶನಿವಾರ ಬಂದರು ಅಮಾಬಿಲೆ ರೊಂಕೆಟ್ಟಿ,
ಎಂಬತ್ತಮೂರು, ಊರುಗೋಲು ಬೇಡವೆಂಬ ಜಂಬ.
ಎಂಜಿನ್ ಚಾಲೂ ಮಾಡಿದೆ. ತಲೆ ವಾಲಿಸಿ ಕೇಳಿ
‘ಮೂರನೇ ಸಿಲಿಂಡರು ತಡ ಮಾಡ್ತಿದೆ’ ಎಂದರು. ನಿಜ.
ಆಮೇಲೆ ನೇರ ಎಡಕ್ಕೆ ನಡೆದರು.
ನೋಡದೆಯೇ ಅಂಗೈ ಇಟ್ಟರು,
ಕತ್ತಲಲ್ಲಿ ತಮ್ಮ ಮನೆಯ ಸ್ವಿಚ್ಚು ಮುಟ್ಟುವವರ ಹಾಗೆ.
ಇಟ್ಟಲ್ಲಿ ಇರಲಿಲ್ಲ. ಕೊಂಚ ಹಿಂದೆ. ಅಲ್ಲೂ ಇಲ್ಲ.

‘ಎವಾಸಿಯೊನ ಮೊಣಕಾಲು’ ಎಂದರು.
ಬೆಟ್ಟದ ರೇಸು, ಅರವತ್ತಾರನೇ ಇಸವಿ, ಕೊನೆಯ ತಿರುವು.
‘ರಸ್ತೆಗೇ ಹಾರಿದ, ಹುಚ್ಚ,
ನಾನು ಗೆಲ್ತಿದ್ದೀನಿ ಅಂತ ನನಗೆ ಹೇಳೋದಕ್ಕೆ.’
ಆರು ವಾರ ಪ್ಲಾಸ್ಟರು. ಏಳನೆಯ ವಾರ ಮದುವೆ,
ಕುಂಟುತ್ತಲೇ.
‘ಗೆಲ್ಲಲಿಲ್ಲ ಬಿಡು. ನಿಲ್ಲಿಸಿದೆನಲ್ಲ.’

‘ಮತ್ತೆ ಮಾಡಿಕೊಡ್ತೀನಿ’ ಎಂದೆ. ‘ಅದೇ ಜಾಗ, ಅದೇ ಆಳ,
ಅಳತೆ ನನ್ನ ಕೈಯಲ್ಲಿದೆ.’
ಅಂದ ಮರುಗಳಿಗೆಯೇ ನಾಲಗೆ ಕಚ್ಚಿಕೊಂಡೆ.
ನಿವೇಸ್ ನೆಲ ನೋಡಿದಳು.
ಮೊಣಕಾಲು ಯಾರದು ತರ್ತೀಯ ಎಂದು ಅವರು ಕೇಳಲಿಲ್ಲ,
ದೊಡ್ಡ ಮನಸ್ಸು.

‘ಹೊರಗೆ ತಳ್ಳಿ’ ಎಂದರಷ್ಟೆ.
ಐದು ಗಂಟೆಯ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು.
ಅಂಥ ಬೆಳಕಿನಲ್ಲಿ ತಗಡು ಏನನ್ನೂ ಬಚ್ಚಿಡಲಾರದು,
ಸುತ್ತಿಗೆಯ ಒಂದೇ ಒಂದು ಹೆಚ್ಚಿನ ಏಟನ್ನೂ.
ಅವರು ಬಗ್ಗಿದರು, ಬಾಗಿಲು ಹಿಡಿದುಕೊಂಡು.
ನಾನೂ ಪಕ್ಕದಲ್ಲಿ ಮಂಡಿಯೂರಿದೆ,
ನನ್ನ ಕೆಲಸದಲ್ಲೊಂದು ಊನ ಸಿಗಲಿ,
ಕೂದಲೆಳೆಯಷ್ಟು ನೆರಳು, ಏನಾದರೊಂದು ಸಿಗಲಿ ಎಂದು.
ಬಿಸಿಲು ಛಾವಣಿಗಳಾಚೆ ಇಳಿಯಿತು.
ಯಾರೂ ಏಳಲಿಲ್ಲ.
ನಿವೇಸ್ ಒಳಗೆ ಹೋಗಿ ಟಾರ್ಚು ತಂದಳು.